ಕಾರ್ಪೆಟ್ ಕಿತ್ತೆವು, ಅಂಟು ಹಲಗೆಯಲ್ಲೇ ಉಳಿಯಿತು: ಪಾಲಿಶ್‌ಗೆ ಮೊದಲು ಇದನ್ನು ತೆಗೆಯುವುದು ಹೇಗೆ?

ಹಳೇಹಲಗೆ (ಪ್ರಶ್ನೆ ಕೇಳಿದವರು)
ಎಲ್ಲರಿಗೂ ನಮಸ್ಕಾರ. ನಾವು ಈಚೆಗೆ ಬಂದಿರುವ ಮನೆ ಹಳೆಯದು. ಮೂರು ಕಡೆ ಕಾರ್ಪೆಟ್ ಇತ್ತು. ಒಂದು ಮೂಲೆ ಎತ್ತಿ ನೋಡಿದರೆ ಕೆಳಗೆ ಮರದ ಹಲಗೆ! ನಾನೂ ನನ್ನ ಗಂಡನೂ ಸೇರಿ ಒಂದೇ ದಿನದಲ್ಲಿ ಎಲ್ಲವನ್ನೂ ಕಿತ್ತೆವು. ಹಲಗೆ ಗಟ್ಟಿಯಾಗಿದೆ, ಗೆದ್ದಲು ಇಲ್ಲ, ಕೊಳೆತಿಲ್ಲ. ಆದರೆ ಮೇಲೆಲ್ಲ ಅಂಟು. ದೊಡ್ಡ ಕೋಣೆಯಲ್ಲಿ ಹಳದಿ ಅಂಟು, ಬಾಚಣಿಗೆಯಲ್ಲಿ ಎಳೆದ ಹಾಗೆ ಸಾಲು ಸಾಲಾಗಿದೆ. ಅದರ ಮೇಲೆ ಕಾರ್ಪೆಟ್ ಅಡಿಯ ಸ್ಪಂಜು ಪುಡಿಪುಡಿಯಾಗಿ ಕೂತಿದೆ.

ನಿನ್ನೆ ಕೈ ಸ್ಯಾಂಡರ್‌ಗೆ 80 ನಂಬರ್ ಉಪ್ಪುಕಾಗದ ಹಾಕಿ ನೋಡಿದೆ. ಒಂದು ನಿಮಿಷದೊಳಗೆ ಕಾಗದದ ಮೇಲೆ ಅಂಟು ಕಟ್ಟಿಕೊಂಡು ಗಾಜಿನ ಹಾಗೆ ನುಣುಪಾಯಿತು. ನಾಲ್ಕು ಹಾಳೆ ಹೋಯಿತು, ಅಂಗೈ ಅಗಲ ಜಾಗವೂ ಸರಿಯಾಗಲಿಲ್ಲ. ಉಜ್ಜಿದ ಕಡೆ ಮರ ಇನ್ನೂ ಕಪ್ಪಾಗಿ ಕಾಣುತ್ತಿದೆ. ದೊಡ್ಡ ಮೆಷಿನ್ ಬಾಡಿಗೆಗೆ ತಂದರೆ ಆಗುತ್ತದಾ?

ಉಳಿಬಾಚಿ
ಮೇಡಂ, ದೊಡ್ಡ ಮೆಷಿನ್ ಈಗಲೇ ತರಬೇಡಿ. ನೆಲದ ಕೆಲಸ ಮಾಡಿಕೊಂಡು ಬಂದವನು ನಾನು, ಜನ ಜಾಸ್ತಿ ದುಡ್ಡು ಕಳೆಯುವುದು ಇಲ್ಲೇ. ಉಜ್ಜಿದಾಗ ಬಿಸಿ ಹುಟ್ಟುತ್ತದೆ. ಬಿಸಿಗೆ ಅಂಟು ಕರಗುತ್ತದೆ. ಕರಗಿದ್ದು ಅರ್ಧ ಕಾಗದಕ್ಕೆ ಹಿಡಿಯುತ್ತದೆ, ಇನ್ನರ್ಧ ಮರದ ಸಣ್ಣ ಸಣ್ಣ ರಂಧ್ರಗಳಿಗೆ ಇಳಿಯುತ್ತದೆ. ನಿಮಗೆ ಕಪ್ಪಾಗಿ ಕಂಡದ್ದು ಅದೇ. ಮೆಷಿನ್ ದೊಡ್ಡದಾದಷ್ಟೂ ಬಿಸಿ ಜಾಸ್ತಿ.

ಉಪ್ಪುಕಾಗದ ಕೊನೆಗೆ. ಮೊದಲು ಅದು ಯಾವ ಅಂಟು ಅಂತ ಗೊತ್ತಾಗಬೇಕು. ಕೋಣೆ ಕೋಣೆಗೂ ಬೇರೆ ಇರಬಹುದು. ಮೂರೂ ಕಡೆ ಬಣ್ಣ ಹೇಗಿದೆ ಬರೆಯಿರಿ.

ನೀಲಿ ಕೈಗವಸು
ಒಂದು ನಿಮಿಷ. ಉತ್ತರ ಬರೆಯುವ ಮೊದಲು ಇದನ್ನು ಓದಿ. ಎಲ್ಲಾದರೂ ಕಪ್ಪು ಅಂಟು ಇದೆಯಾ? ಡಾಂಬರಿನ ಹಾಗೆ ಕಪ್ಪು, ಅಥವಾ ತುಂಬಾ ಗಾಢ ಕಂದು? ಇದ್ದರೆ ಅದನ್ನು ಉಜ್ಜಬೇಡಿ, ಒಣಗಿದ್ದಾಗ ಹೆರೆಯಬೇಡಿ, ಗುಡಿಸಲೂ ಬೇಡಿ.

ಡಾಂಬರು ಆಧಾರದ ಹಳೇ ಅಂಟುಗಳಲ್ಲಿ ಆಸ್ಬೆಸ್ಟಾಸ್ ನಾರು ಬೆರೆಸಿರುತ್ತಿದ್ದರು. ಅಂಟು ಸುಮ್ನೆ ಇದ್ದಾಗ ನಾರು ಅದರೊಳಗೇ ಸಿಕ್ಕಿಕೊಂಡಿರುತ್ತದೆ. ಪುಡಿ ಮಾಡಿದರೆ ಗಾಳಿಗೆ ಬರುತ್ತದೆ. ಶ್ವಾಸಕೋಶಕ್ಕೆ ಹೋದದ್ದೆಲ್ಲ ಹೊರಗೆ ಬರುವುದಿಲ್ಲ, ಕಾಯಿಲೆ ಹತ್ತಾರು ವರ್ಷ ಆದ ಮೇಲೆ ಕಾಣಿಸಿಕೊಳ್ಳುತ್ತದೆ. ಬಣ್ಣ ನೋಡಿ ಇದೆ ಇಲ್ಲ ಅಂತ ಯಾರೂ ಹೇಳಲಾರರು. ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ನೋಡಿಯೇ ಹೇಳಬೇಕು.

ಇನ್ನೊಂದು. ಕಾರ್ಪೆಟ್ ಅಡಿಯಲ್ಲಿ ಗೋಡೆಯ ಉದ್ದಕ್ಕೂ ಬಣ್ಣ ಬಳಿದ ಪಟ್ಟಿ ಇದೆಯಾ? ಹಿಂದೆ ಕೋಣೆಯ ನಡುವೆ ಮಾತ್ರ ಕಂಬಳಿ ಹಾಸಿ, ಸುತ್ತಲಿನ ಹಲಗೆಗೆ ಬಣ್ಣ ಹೊಡೆಯುತ್ತಿದ್ದರು. ಆ ಹಳೇ ಬಣ್ಣದಲ್ಲಿ ಸೀಸ ಇರಬಹುದು. ಅಮೆರಿಕದಲ್ಲಿ ಮನೆಬಣ್ಣಕ್ಕೆ ಸೀಸ ಹಾಕುವುದನ್ನು ನಿಷೇಧಿಸಿದ್ದೇ 1978ರಲ್ಲಿ. ಮಕ್ಕಳಿರುವ ಮನೆಯಲ್ಲಿ ಇದನ್ನು ಕಡೆಗಣಿಸಲೇಬಾರದು.

ಹಳೇಹಲಗೆ
ಓದಿ ಕೈಕಾಲು ತಣ್ಣಗಾಯಿತು. ನಡುಮನೆಗೆ ಹೋಗುವ ಓಣಿಯಲ್ಲಿ ಕಾರ್ಪೆಟ್ ಕೆಳಗೆ ಹಳೇ ಟೈಲ್ ಚೂರು ಇವೆ, ಅವುಗಳ ಅಡಿಯಲ್ಲಿ ಕಪ್ಪು ಅಂಟು ಇದೆ. ಅಲ್ಲಿ ನಾನು ಏನೂ ಉಜ್ಜಿಲ್ಲ. ಮನೆ 1950ರ ದಶಕದ್ದು ಅಂತ ಹೇಳಿದ್ದಾರೆ. ದೊಡ್ಡ ಕೋಣೆಯ ಅಂಚಿನಲ್ಲಿ ಒಂದೂವರೆ ಅಡಿ ಅಗಲ ಕಂದು ಬಣ್ಣ ಬಳಿದಿದೆ. ಚಿಕ್ಕ ಕೋಣೆಯಲ್ಲಿ ಅಂಟು ತೆಳು ಕಂದು, ಒಣಗಿದ ಗಂಜಿಯ ಹಾಗೆ ಬಿರುಕು ಬಿಟ್ಟಿದೆ. ನಮಗೆ ಐದು ವರ್ಷದ ಮಗಳಿದ್ದಾಳೆ.

ನೀಲಿ ಕೈಗವಸು
ಹೆದರಬೇಡಿ ಅಕ್ಕ. ನೀವು ಸರಿಯಾದ ಹೊತ್ತಿಗೆ ಕೇಳಿದ್ದೀರಿ. ಓಣಿಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚಿಗೆ ಟೇಪ್ ಹಾಕಿ. ಮಗುವನ್ನು ಆ ಕಡೆ ಬಿಡಬೇಡಿ. ನಿಮ್ಮಲ್ಲಿ ಮಾದರಿ ತೆಗೆದುಕೊಡುವ ಪರಿಣತರು ಇದ್ದರೆ ಅವರನ್ನೇ ಕರೆಯಿರಿ. ನೀವೇ ತೆಗೆಯುವುದಾದರೆ ಆ ಜಾಗಕ್ಕೆ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ ಸಿಂಪಡಿಸಿ, ಒದ್ದೆ ಇರುವಾಗಲೇ ಉಗುರಿನಷ್ಟು ತೆಗೆದು, ಎರಡು ಜಿಪ್ ಚೀಲದೊಳಗೆ ಹಾಕಿ. ಟೈಲ್ ಚೂರನ್ನೂ ಬೇರೆ ಚೀಲದಲ್ಲಿ ಕೊಡಿ, ಹಳೇ ಟೈಲ್‌ನಲ್ಲೂ ಇರುತ್ತದೆ. ಅಂಚಿನ ಬಣ್ಣದ ಚೂರೂ ಒಂದು ಇರಲಿ. ಮೂರು ಮಾದರಿ, ಮೂರು ಚೀಲ. ವರದಿ ಬರುವ ತನಕ ಆ ಎರಡು ಜಾಗ ಮುಟ್ಟಬೇಡಿ.

ಆಸ್ಬೆಸ್ಟಾಸ್ ಕಪ್ಪು ಅಂಟಿನಲ್ಲೇ ಜಾಸ್ತಿ ಸಿಗುತ್ತದೆ. ಹಾಗಂತ ಹಳೇ ಹಳದಿ ಅಂಟಿನಲ್ಲಿ ಇರುವುದೇ ಇಲ್ಲ ಅಂತ ಅಲ್ಲ. ಹೇಗೂ ಕಳಿಸುತ್ತೀರಲ್ಲ, ಅದರದ್ದೂ ಕಂದು ಅಂಟಿನದ್ದೂ ಒಂದೊಂದು ಚಿಟಿಕೆ ಸೇರಿಸಿಬಿಡಿ.

ಹಳೇಹಲಗೆ (ಒಂಬತ್ತು ದಿನದ ನಂತರ)
ವರದಿ ಬಂತು. ಓಣಿಯ ಕಪ್ಪು ಅಂಟಿನಲ್ಲಿ ಆಸ್ಬೆಸ್ಟಾಸ್ ಇದೆ. ಟೈಲ್‌ನಲ್ಲೂ ಇದೆ. ಹಳದಿ, ಕಂದು ಎರಡರಲ್ಲೂ ಇಲ್ಲ. ಅಂಚಿನ ಬಣ್ಣದಲ್ಲಿ ಸೀಸ ಇಲ್ಲ. ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಬೇಜಾರು. ಮೂರೂ ಕಡೆ ಒಂದೇ ನೆಲ ಹರಿಯಲಿ ಅಂತ ಆಸೆಯಿತ್ತು.

ವಾರದ ಕೊನೆ ಕೆಲಸಗಾರ
ಒದ್ದೆ ಮಾಡಿ ನಿಧಾನಕ್ಕೆ ಹೆರೆದರೆ ಧೂಳು ಏಳುವುದಿಲ್ಲವಲ್ಲ. ಮಾಸ್ಕ್ ಹಾಕಿ ನೀವೇ ಮಾಡಬಹುದು ಅನ್ನಿಸುತ್ತದೆ.

ನೀಲಿ ಕೈಗವಸು
ಟೈಲ್ ಕೆಳಗೆ ಕಾಂಕ್ರೀಟ್ ಇದ್ದಿದ್ದರೆ ಮಾತು ಬೇರೆ. ಇಲ್ಲಿ ಕೆಳಗಿರುವುದು ಮರ. ಎಷ್ಟೇ ಒದ್ದೆ ಹೆರೆದರೂ ರಂಧ್ರದಲ್ಲಿ, ಹಲಗೆ ಸಂದಿನಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತದೆ. ಆಮೇಲೆ ಪಾಲಿಶ್ ಮಾಡಬೇಕು ಅಂದರೆ ಅದೇ ನೆಲವನ್ನು ಮೆಷಿನ್‌ನಲ್ಲಿ ಉಜ್ಜಲೇಬೇಕು. ಉಳಿದದ್ದೆಲ್ಲ ಆಗ ಗಾಳಿಗೆ ಬರುತ್ತದೆ. ಡಾಂಬರು ಅಂಟನ್ನು ಉಜ್ಜಬಾರದು, ಒಣಗಿದ್ದಾಗ ಹೆರೆಯಬಾರದು ಅಂತ ನೆಲಹಾಸು ತಯಾರಕರ ಸಂಸ್ಥೆಯಾದ ರೆಸಿಲಿಯೆಂಟ್ ಫ್ಲೋರ್ ಕವರಿಂಗ್ ಇನ್‌ಸ್ಟಿಟ್ಯೂಟ್ ತನ್ನ ಸೂಚನೆಗಳಲ್ಲೇ ಹೇಳಿದೆ. ಬಟ್ಟೆ ಮಾಸ್ಕ್, ಆಸ್ಪತ್ರೆ ಮಾಸ್ಕ್ ಇದಕ್ಕೆ ಏನೂ ಅಲ್ಲ.

ಅಕ್ಕ, ನಿಮಗೆ ಎರಡು ದಾರಿ. ಪರವಾನಗಿ ಇರುವವರಿಂದ ತೆಗೆಸಿ, ಇಲ್ಲ ಅಂದರೆ ಅದನ್ನು ಅಲುಗಾಡಿಸದೆ ಮೇಲೆ ಬೇರೆ ನೆಲ ಕೂರಿಸಿ. ನಾನಾದರೆ ಮುಚ್ಚುತ್ತೇನೆ. ಮುಚ್ಚಿದ್ದನ್ನು ಮನೆಯ ಕಾಗದಪತ್ರದ ಜೊತೆ ಬರೆದಿಡಿ, ನಾಳೆ ಯಾರೋ ಗೊತ್ತಿಲ್ಲದೆ ಕೊರೆಯಬಾರದು.

ಹಳೇಹಲಗೆ
ಮುಚ್ಚುತ್ತೇವೆ. ರಾತ್ರಿಯೆಲ್ಲ ಯೋಚಿಸಿ ಇಬ್ಬರೂ ಒಪ್ಪಿದೆವು. ಈಗ ಉಳಿದ ಎರಡು ಕೋಣೆ ಹೇಳಿಕೊಡಿ.

ಉಳಿಬಾಚಿ
ಒಳ್ಳೆ ನಿರ್ಧಾರ. ಈಗ ಪರೀಕ್ಷೆ. ಬೀರು ಬರುವ ಮೂಲೆಯಲ್ಲಿ ಮಾಡಿ. ಒಂದು ಕಡೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಹತ್ತು ನಿಮಿಷ ಇಡಿ. ಇನ್ನೊಂದು ಕಡೆ ಮಿನರಲ್ ಸ್ಪಿರಿಟ್ (ಬಣ್ಣ ತೆಳು ಮಾಡುವ ಥಿನ್ನರ್) ಅದ್ದಿದ ಹತ್ತಿ ಇಟ್ಟು ಮೇಲೆ ಲೋಟ ಬೋರಲು ಹಾಕಿ. ಮೂರನೇ ಕಡೆ, ಸ್ಪಿರಿಟ್‌ನಿಂದ ದೂರ, ಕೂದಲು ಒಣಗಿಸುವ ಡ್ರೈಯರ್ ಹಿಡಿಯಿರಿ. ಆಮೇಲೆ ಉಗುರಿನಲ್ಲಿ ಒತ್ತಿ ನೋಡಿ. ಯಾವುದಕ್ಕೆ ಮೆತ್ತಗಾಯಿತೋ ಅದೇ ನಿಮ್ಮ ದಾರಿ. ಮೂರಕ್ಕೂ ಜಗ್ಗದೆ ಕಲ್ಲಿನ ಹಾಗಿದ್ದರೆ ಎಪಾಕ್ಸಿ ಅಥವಾ ಯುರೆಥೇನ್ ಜಾತಿ ಇರಬಹುದು. ಅದಕ್ಕೆ ದ್ರಾವಣ ಸುರಿಯುವುದು ದಂಡ, ಹೆರೆಯಲೇಬೇಕು.

ಹಳೇಹಲಗೆ
ಮಾಡಿದೆ. ಚಿಕ್ಕ ಕೋಣೆಯ ಕಂದು ಅಂಟು ಬಿಸಿನೀರಿಗೆ ಕೆಸರಾಯಿತು. ದೊಡ್ಡ ಕೋಣೆಯ ಹಳದಿಗೆ ನೀರು ತಾಗಲೇ ಇಲ್ಲ. ಡ್ರೈಯರ್‌ಗೆ ಮೆತ್ತಗಾಗಿ ಚ್ಯೂಯಿಂಗ್ ಗಮ್ ಥರ ಎಳೆಯಿತು. ಸ್ಪಿರಿಟ್‌ಗೂ ಸ್ವಲ್ಪ ಮೆತ್ತಗಾಯಿತು.

ಉಳಿಬಾಚಿ
ಚಿಕ್ಕ ಕೋಣೆ ಸುಲಭ. ಬಿಸಿನೀರಲ್ಲಿ ಹಿಂಡಿದ ಟವೆಲ್ ಎರಡು ಅಡಿ ಜಾಗಕ್ಕೆ ಹಾಸಿ, ಹತ್ತು ನಿಮಿಷ ಬಿಟ್ಟು, ಹೆರೆದು, ತಕ್ಷಣ ಒರೆಸಿ. ನೀರು ಸುರಿಯಬೇಡಿ. ಮರ ನೀರು ಕುಡಿದರೆ ಹಲಗೆಯ ಅಂಚು ಮೇಲೇಳುತ್ತದೆ. ಓಕ್ ಥರದ ಮರದಲ್ಲಿ ಟ್ಯಾನಿನ್ ಇರುತ್ತದೆ, ಮೊಳೆಯ ಕಬ್ಬಿಣ ಮತ್ತು ನೀರು ಸೇರಿದರೆ ಕಪ್ಪು ಕಲೆ ಬೀಳುತ್ತದೆ. ಅದಕ್ಕೇ ನೀರು ಮುಟ್ಟಿಸುವ ಮೊದಲು ಪಿನ್, ಸ್ಟೇಪಲ್ ಎಲ್ಲ ಕೀಳಿ.

ಹಳದಿಗೆ ಬರೋಣ. ಮೊದಲು ಏನೂ ಹಚ್ಚದೆ ಒಣಗಿದ್ದನ್ನೇ ಹೆರೆಯಿರಿ. ವರದಿಯಲ್ಲಿ ಇಲ್ಲ ಅಂತ ಬಂದಿರುವುದರಿಂದ ಮಾತ್ರ ಇದನ್ನು ಹೇಳುತ್ತಿದ್ದೇನೆ. ಜನ ನೇರ ದ್ರಾವಣಕ್ಕೆ ಕೈ ಹಾಕುತ್ತಾರೆ. ಆಗ ದಪ್ಪ ಪದರವೂ ಕರಗಿ, ಸ್ಪಂಜಿನ ಪುಡಿಯೂ ಸೇರಿ, ಇಡೀ ಕೋಣೆ ಅಂಟಂಟು ಕೆಸರಾಗುತ್ತದೆ. ಒಣಗಿದ್ದಾಗ ಸಾಲಿನ ಏಣುಗಳು ಕೈಯಲ್ಲೇ ಹಾರಿ ಹೋಗುತ್ತವೆ. ಮುಕ್ಕಾಲು ಭಾಗ ಹೀಗೇ ಹೋದರೂ ಆಶ್ಚರ್ಯ ಇಲ್ಲ.

ಉದ್ದ ಹಿಡಿಯ ಬ್ಲೇಡ್ ಸ್ಕ್ರೇಪರ್ ದಪ್ಪ ಪದರಕ್ಕೆ. ಕಾರ್ಬೈಡ್ ಬಾಯಿಯ ಕೈ ಸ್ಕ್ರೇಪರ್ ಉಳಿದದ್ದಕ್ಕೆ. ಬ್ಲೇಡಿನ ಎರಡು ಮೂಲೆಯ ಚೂಪನ್ನು ಅರದಿಂದ ಸ್ವಲ್ಪ ಗುಂಡಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಮೂಲೆ ಮರಕ್ಕೆ ಕಚ್ಚಿ ಗೀರು ಬೀಳುತ್ತದೆ. ಮರದ ಗೆರೆ ಹೋದ ಕಡೆಗೇ ಎಳೆಯಿರಿ, ಅಡ್ಡ ಎಳೆದರೆ ನಾರು ಕಿತ್ತು ಬರುತ್ತದೆ. ಬ್ಲೇಡನ್ನು ಆದಷ್ಟೂ ಮಲಗಿಸಿ ಹಿಡಿಯಿರಿ. ಜಾಸ್ತಿ ಒತ್ತಬೇಕು ಅನ್ನಿಸಿದ ಕ್ಷಣ ಬ್ಲೇಡ್ ಮೊಂಡಾಗಿದೆ ಅಂತ ಅರ್ಥ. ಬದಲಾಯಿಸಿ. ಮೊಂಡ ಬ್ಲೇಡಿನಲ್ಲಿ ಒತ್ತಿ ಒತ್ತಿ ಮಣಿಕಟ್ಟು ಹಾಳು ಮಾಡಿಕೊಂಡವರನ್ನು ನಾನು ನೋಡಿದ್ದೇನೆ.

ವಾರದ ಕೊನೆ ಕೆಲಸಗಾರ
ನಾನು ಅಸಿಟೋನ್ ಹಾಕಿ ಮಾಡಿದ್ದೆ. ಸುರಿದ ಕೂಡಲೇ ಅಂಟು ಬಿಟ್ಟಿತು. ತುಂಬಾ ಬೇಗ.

ಬಣ್ಣದ ಡಬ್ಬಿ
ಬೇಗ ಬಿಡುತ್ತದೆ, ಅಷ್ಟೇ ಬೇಗ ಆರುತ್ತದೆ. ಒಂದು ಅಡಿ ಹೆರೆಯುವಷ್ಟರಲ್ಲಿ ಮುಂದಿನ ಅಡಿ ಮತ್ತೆ ಗಟ್ಟಿ. ಅದಕ್ಕಿಂತ ದೊಡ್ಡ ತೊಂದರೆ ಬೆಂಕಿ. ಅಸಿಟೋನ್ ಆವಿ ಸೊನ್ನೆಗಿಂತ 20 ಡಿಗ್ರಿ ಕೆಳಗೂ ಹೊತ್ತಿಕೊಳ್ಳಬಲ್ಲದು. ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಪಕ್ಕದ ಕೋಣೆಯ ಒಲೆ ತನಕ ಹೋಗುತ್ತದೆ. ಇಡೀ ಕೋಣೆಯ ನೆಲಕ್ಕೆ ಅದನ್ನು ಸುರಿಯಬೇಡಿ, ದಯವಿಟ್ಟು. ನೈಟ್ರೈಲ್ ಕೈಗವಸೂ ಅಸಿಟೋನ್ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಹಳೇ ಡಬ್ಬಿಗಳಲ್ಲಿ ಮೀಥೈಲೀನ್ ಕ್ಲೋರೈಡ್ ಇರುವ ಸ್ಟ್ರಿಪ್ಪರ್ (ಹಳೇ ಬಣ್ಣ ಕೀಳುವ ದ್ರಾವಣ) ಸಿಗಬಹುದು. ಅದೂ ಬೇಡ. ಮುಚ್ಚಿದ ಕೋಣೆಯಲ್ಲಿ ಬಳಸಿ ಸತ್ತವರಿದ್ದಾರೆ. ಅಮೆರಿಕ 2019ರಲ್ಲಿ ಮನೆಬಳಕೆಯ ಸ್ಟ್ರಿಪ್ಪರ್‌ಗಳಲ್ಲಿ ಅದನ್ನು ನಿಷೇಧಿಸಿದ್ದು ಸುಮ್ಮನೆ ಅಲ್ಲ.

ನನ್ನ ಆಯ್ಕೆ ಸೋಯಾ ಎಣ್ಣೆಯಿಂದ ಮಾಡಿದ ಜೆಲ್. ದಪ್ಪಗೆ ಬಳಿದು, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಒಂದು ಗಂಟೆ ಬಿಟ್ಟು ಹೆರೆಯುವುದು. ವಾಸನೆ ಕಡಿಮೆ. ಕಿತ್ತಳೆ ಸಿಪ್ಪೆಯ ಎಣ್ಣೆಯದ್ದೂ ಕೆಲಸ ಮಾಡುತ್ತದೆ. ಕೆಲವರಿಗೆ ಅದರಿಂದ ಚರ್ಮ ತುರಿಸುತ್ತದೆ, ಕೈಗವಸು ಬೇಕು.

ಉಳಿಬಾಚಿ
ಇಲ್ಲಿ ನಾನು ಡಬ್ಬಿಯವರ ಮಾತು ಅರ್ಧ ಒಪ್ಪುತ್ತೇನೆ. ಜೆಲ್ ಒಳ್ಳೆಯದೇ. ಆದರೆ ಎಣ್ಣೆ ಎಣ್ಣೆಯೇ. ಹಲಗೆ ಸಂದಿಗೆ ಇಳಿದರೆ ಯಾರು ತೆಗೆಯುತ್ತಾರೆ? ಮೇಡಂ ಅವರ ಅಂಟು ಬಿಸಿಗೆ ಮೆತ್ತಗಾಗುತ್ತದೆ ಅಂದಮೇಲೆ ನಾನು ಹೀಟ್ ಗನ್ (ಬಿಸಿಗಾಳಿ ಊದುವ ಸಾಧನ) ಹಿಡಿಯುತ್ತೇನೆ. ಕಡಿಮೆ ಬಿಸಿ, ಕೈ ಆಡಿಸುತ್ತಾ ಇರಬೇಕು, ಅಂಟು ಹೊಳೆಯತೊಡಗಿದಾಗ ಹೆರೆಯಬೇಕು. ಹೊಗೆ ಬಂದರೆ ಬಿಸಿ ಜಾಸ್ತಿಯಾಯಿತು. ಒಂದು ಕೈಯಲ್ಲಿ ಗನ್, ಇನ್ನೊಂದರಲ್ಲಿ ಸ್ಕ್ರೇಪರ್. ದ್ರಾವಣ ಹಚ್ಚಿದ ಕೋಣೆಯಲ್ಲಿ ಗನ್ ಆನ್ ಮಾಡಲೇಬಾರದು. ಸಂದಿನಲ್ಲಿ ಹಳೇ ಧೂಳು, ಹತ್ತಿ ಎಳೆ ಇರುತ್ತವೆ, ಅವು ಒಳಗೊಳಗೇ ಹೊಗೆಯಾಡಬಹುದು. ಮೊದಲು ವ್ಯಾಕ್ಯೂಮ್ ಮಾಡಿ, ಕೆಲಸ ಮುಗಿದ ಮೇಲೂ ಒಂದು ಗಂಟೆ ಅಲ್ಲೇ ಇರಿ.

ಬಣ್ಣದ ಡಬ್ಬಿ
ಸಂದಿನ ಮಾತು ಸರಿ. ಹಲಗೆ ನಡುವೆ ಅಂತರ ಇರುವ ನೆಲಕ್ಕೆ ಬಿಸಿಯೇ ಮೇಲು, ಒಪ್ಪಿದೆ. ಜೆಲ್ ಅನ್ನು ಉಳಿದ ಮೊಂಡು ಕಲೆಗಳಿಗೆ ಮಾತ್ರ ಇಟ್ಟುಕೊಳ್ಳಿ. ಜೆಲ್ ಹಾಕಿದ ಜಾಗಕ್ಕೆ ಮರದ ಪುಡಿ ಉದುರಿಸಿದರೆ ಕೆಸರನ್ನೆಲ್ಲ ಹೀರಿಕೊಳ್ಳುತ್ತದೆ, ಬಾಚಿ ತೆಗೆಯಲು ಸುಲಭ.

ಹಳೇಹಲಗೆ (ಎರಡು ವಾರದ ನಂತರ)
ದೊಡ್ಡ ಕೋಣೆ ಮುಗಿಯಿತು! ಒಣ ಹೆರೆತಕ್ಕೆ ಮೂರು ದಿನ, ಹೀಟ್ ಗನ್‌ಗೆ ನಾಲ್ಕು ದಿನ. ಕಿಟಕಿ ಹತ್ತಿರದ ಒಂದು ತುಂಡಿಗೆ ಮಾತ್ರ ಸೋಯಾ ಜೆಲ್ ಹಾಕಿದೆ. ಸಂದುಗಳನ್ನು ಹಳೇ ಚಾಕುವಿನ ತುದಿ ಬಗ್ಗಿಸಿ ಒಂದೊಂದಾಗಿ ಕೆದಕಿದೆವು. ಮರದ ಬಣ್ಣ ಜೇನಿನ ಹಾಗಿದೆ, ನೋಡಿದರೆ ಕಣ್ಣು ತುಂಬಿ ಬರುತ್ತದೆ. ಈಗ ಮೆಷಿನ್ ತರಬಹುದಾ? ಎಷ್ಟು ನಂಬರ್ ಕಾಗದದಿಂದ ಶುರು ಮಾಡಲಿ? ಪಿನ್ ಇದ್ದ ಕಡೆ ನಾಣ್ಯದಷ್ಟು ಕಪ್ಪು ಕಲೆಗಳಿವೆ.

ಉಳಿಬಾಚಿ
ಬಹಳ ಸಂತೋಷ ಆಯಿತು ಮೇಡಂ. ಮೊದಲು ಬಾಗಿಲ ಹೊಸ್ತಿಲ ಹತ್ತಿರ ಹಲಗೆಯ ದಪ್ಪ ನೋಡಿ. 19 ಮಿಲಿಮೀಟರ್ ಹಲಗೆಯಾದರೂ ಉಜ್ಜಲು ಸಿಗುವುದು ಪಕ್ಕದ ಹಲಗೆಗೆ ಸೇರುವ ನಾಲಗೆಯ ಮೇಲಿನ ಭಾಗ ಮಾತ್ರ, ಹೆಚ್ಚೆಂದರೆ 6 ಮಿಲಿಮೀಟರ್. ಹಿಂದೆ ಯಾರಾದರೂ ಉಜ್ಜಿದ್ದರೆ ಅದರಲ್ಲೂ ಕಡಿಮೆ. ಸಂದಿನಲ್ಲಿ ಮೊಳೆ ತಲೆ ಅಥವಾ ನಾಲಗೆ ಕಾಣುತ್ತಿದ್ದರೆ ಮೆಷಿನ್ ಬೇಡ.

ಸರಿಯಿದ್ದರೆ ಎಲ್ಲ ಮೊಳೆ ತಲೆಗಳನ್ನು ಪಂಚ್ ಇಟ್ಟು 3 ಮಿಲಿಮೀಟರ್ ಕೆಳಗೆ ಇಳಿಸಿ. ಒಂದು ಮೊಳೆ ಸಿಕ್ಕರೆ ಕಾಗದ ಹರಿಯುತ್ತದೆ, ಕಿಡಿ ಧೂಳಿನ ಚೀಲಕ್ಕೆ ಹೋಗುತ್ತದೆ. ಅಂಟಿನ ಕಲೆ ಇನ್ನೂ ಇದ್ದರೆ 24 ನಂಬರ್‌ನಿಂದ ಶುರು ಮಾಡಿ 36ಕ್ಕೆ ಬನ್ನಿ, ಇಲ್ಲದಿದ್ದರೆ ನೇರ 36. ನಂಬರ್ ಚಿಕ್ಕದಾದಷ್ಟೂ ಕಾಗದ ಒರಟು. ಮೊದಲ ಸುತ್ತು ಹಲಗೆಗೆ ಓರೆಯಾಗಿ, ಆಮೇಲೆಲ್ಲ ಹಲಗೆಯ ಉದ್ದಕ್ಕೆ. 60, 80, 100. ನಡುವೆ ನಂಬರ್ ಹಾರಿಸಬೇಡಿ, ಒರಟು ಕಾಗದದ ಗೀರು ವಾರ್ನಿಷ್ ಬಿದ್ದ ಮೇಲೆ ಎದ್ದು ಕಾಣುತ್ತದೆ. ಮೆಷಿನ್ ಚಲಿಸುತ್ತಿರುವಾಗಲೇ ಡ್ರಮ್ (ಕಾಗದ ಸುತ್ತಿದ ಉರುಳೆ) ಇಳಿಸಿ, ಚಲಿಸುತ್ತಿರುವಾಗಲೇ ಎತ್ತಿ. ನಿಂತಲ್ಲಿ ಇಳಿಸಿದರೆ ಗುಂಡಿ ಬೀಳುತ್ತದೆ, ಅದು ಮತ್ತೆ ಹೋಗುವುದಿಲ್ಲ. ಪ್ರತಿ ದಿನ ಸಂಜೆ ಧೂಳಿನ ಚೀಲ ಮನೆ ಹೊರಗೆ ಖಾಲಿ ಮಾಡಿ, ಒಳಗೆ ಇಟ್ಟು ಮಲಗಬೇಡಿ.

ಬಣ್ಣದ ಡಬ್ಬಿ
ಕಪ್ಪು ಕಲೆಗೆ ಆಕ್ಸಾಲಿಕ್ ಆಮ್ಲ. ಮೆಷಿನ್ ಓಡಿಸಿದ ಮೇಲೆ, ಬಿಸಿನೀರಲ್ಲಿ ಕರಗಿಸಿ ಬ್ರಷ್‌ನಿಂದ ಹಚ್ಚಿ. ಕಲೆಗೆ ಮಾತ್ರ ಹಚ್ಚಿದರೆ ಬಿಳಿ ಚುಕ್ಕೆ ಉಳಿಯುತ್ತದೆ, ಆ ಹಲಗೆ ಪೂರ್ತಿ ಹಚ್ಚಿ. ಒಣಗಿದ ಮೇಲೆ ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ ತೆಗೆಯಿರಿ. ಅದು ವಿಷ, ಒಣಗಿದ ಹರಳಿನ ಪುಡಿ ಮೂಗಿಗೆ ಹೋಗಬಾರದು, ಹಾಗಾಗಿ ತೊಳೆಯದೆ ಉಜ್ಜಬೇಡಿ. ಮಗಳ ಕೈಗೆ ಸಿಗದ ಹಾಗೆ ಇಡಿ.

ಹಳೇಹಲಗೆ (ಮೂರು ವಾರದ ನಂತರ)
ಉಜ್ಜಿ ಆಯಿತು, ಕಲೆ ಮುಕ್ಕಾಲು ಹೋಯಿತು. ಆದರೆ ಕಿಟಕಿ ಹತ್ತಿರ ನೀರಿನ ಪಾಲಿಯುರೆಥೇನ್ ವಾರ್ನಿಷ್ ಹಚ್ಚಿ ನೋಡಿದರೆ, ಹಚ್ಚಿದ್ದು ಅಲ್ಲಲ್ಲಿ ಸರಿದು ಮೀನಿನ ಕಣ್ಣಿನಂಥ ಗುಂಡಿಗಳಾಗುತ್ತಿವೆ. ಬೇರೆ ಕಡೆ ಚೆನ್ನಾಗಿದೆ.

ಬಣ್ಣದ ಡಬ್ಬಿ
ಜೆಲ್ ಹಾಕಿದ್ದು ಅಲ್ಲೇ ಅಲ್ವಾ? ಎಣ್ಣೆ ಉಳಿದಿದೆ. ನಾನೇ ಮೊದಲು ಹೇಳಬೇಕಿತ್ತು, ಜೆಲ್ ಹೆರೆದ ಮೇಲೆ ಮಿನರಲ್ ಸ್ಪಿರಿಟ್‌ನಿಂದ ಎರಡು ಸಲ ಒರೆಸಬೇಕು, ಪ್ರತಿ ಸಲ ಹೊಸ ಬಟ್ಟೆ. ಈಗ ಆ ಜಾಗದ ವಾರ್ನಿಷ್ ಹೆರೆದು, ಹಾಗೆ ಒರೆಸಿ, ಕಿಟಕಿ ತೆರೆದು ಮೂರು ನಾಲ್ಕು ದಿನ ಬಿಡಿ. ಆಮೇಲೆ 100 ನಂಬರ್‌ನಲ್ಲಿ ಕೈಯಿಂದ ಉಜ್ಜಿ, ಮೇಣ ತೆಗೆದ ಅರಗಿನ ಪಾಲಿಶ್ ಒಂದು ತೆಳು ಕೈ ಹಚ್ಚಿ. ಅರಗು ಕೆಳಗಿನ ಎಣ್ಣೆಯನ್ನು ಅಲ್ಲೇ ತಡೆಯುತ್ತದೆ, ಮೇಲೆ ಪಾಲಿಯುರೆಥೇನ್ ಕೂರುತ್ತದೆ. ಬಟ್ಟೆಗಳನ್ನು ಉಂಡೆ ಮಾಡಿ ಎಸೆಯಬೇಡಿ. ಎಣ್ಣೆ ಹಿಡಿದ ಬಟ್ಟೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ, ಅಥವಾ ಮುಚ್ಚಳ ಇರುವ ತಗಡಿನ ಡಬ್ಬಿಯಲ್ಲಿ ನೀರೊಳಗೆ ಮುಳುಗಿಸಿಡಿ.

ಹಳೇಹಲಗೆ (ಹತ್ತು ದಿನದ ನಂತರ)
ಅರಗಿನ ಮೇಲೆ ಎರಡು ಕೈ ಆಯಿತು, ಒಂದೂ ಗುಂಡಿ ಇಲ್ಲ. ಓಣಿಯ ಮೇಲೆ ಹೊಸ ನೆಲ ಕೂರಿಸಿದ್ದೇವೆ, ಹೊಸ್ತಿಲಲ್ಲಿ ಮರದ ಪಟ್ಟಿ ಬರುತ್ತದೆ. ವರದಿಯ ಪ್ರತಿ ಮನೆ ಪತ್ರದ ಜೊತೆ ಇಟ್ಟೆ. ಇವತ್ತು ಮೂರನೇ ಕೈ. ಮಗಳು ಬಾಗಿಲಲ್ಲಿ ನಿಂತು ಯಾವಾಗ ಒಳಗೆ ಬರಲಿ ಅಂತ ಕೇಳುತ್ತಿದ್ದಾಳೆ. ಏನು ಹೇಳಲಿ?

ಬಣ್ಣದ ಡಬ್ಬಿ
ಕಾಲುಚೀಲ ಹಾಕಿಕೊಂಡು ನಾಳೆ ಬರಲಿ. ಮೇಜು ಕುರ್ಚಿ ನಾಲ್ಕು ದಿನ ಬಿಟ್ಟು ಎತ್ತಿ ಇಡಿ, ಎಳೆಯಬೇಡಿ. ಡಬ್ಬಿಯ ಮೇಲೆ ಇನ್ನೂ ಜಾಸ್ತಿ ದಿನ ಬರೆದಿದ್ದರೆ ಅಷ್ಟು ಕಾಯಿರಿ. ಮೇಲೆ ಚಾಪೆ, ಕಂಬಳಿ ಮಾತ್ರ ಎರಡು ಮೂರು ವಾರ ಹಾಸಬೇಡಿ, ಕೆಳಗಿನ ಪದರ ಪೂರ್ತಿ ಗಟ್ಟಿಯಾಗಬೇಕು.